ಬಿರುಗಾಳಿಯಲ್ಲಿ ಬಟ್ಟೆಯ ಸೂರು

ಬೇಸಗೆಯ ರಜೆ ಬಂತೆಂದರೆ ಪಟ್ಟಣದ ಮನೆಗಳಲ್ಲಿ ಈಚೆಗೆ ಒಂದು ಹೊಸ ಬಗೆಯ ಸಿದ್ಧತೆ ನಡೆಯುವುದುಂಟು. ಕಾಲೇಜಿನಲ್ಲಿ ಓದುವ ಮಗನೋ ಮಗಳೋ ನಾಲ್ಕು ಮಂದಿ ಸ್ನೇಹಿತರನ್ನು ಕೂಡಿಕೊಂಡು ಕೊಡಗಿನ ಕಡೆಗೋ ಚಿಕ್ಕಮಗಳೂರಿನ ಕಡೆಗೋ ಹೊರಡುತ್ತಾರೆ. ಹಿಂದೆ ಇಂಥ ಪ್ರವಾಸಕ್ಕೆ ಡೇರೆ, ಗಳು, ಹಾಸಿಗೆ ಸುರುಳಿ ಎಂದು ಒಂದು ಗಾಡಿಯ ತುಂಬ ಸಾಮಾನು ಬೇಕಾಗುತ್ತಿತ್ತು. ಈಗ ಬೆನ್ನಿನ ಚೀಲದಲ್ಲಿ ಎರಡು ಪುಟ್ಟ ಗಂಟುಗಳಿದ್ದರೆ ಸಾಕು. ಒಂದರಲ್ಲಿ ಎರಡು ಮರಗಳ ನಡುವೆ ಕಟ್ಟಿ ಮಲಗುವ ಜೋಲಿ. ಇನ್ನೊಂದರಲ್ಲಿ ಅದರ ಮೇಲೆ ಸೂರಿನಂತೆ ಕಟ್ಟುವ ತೆಳುಬಟ್ಟೆಯ ಮೇಲ್ಕಟ್ಟು. ಟಾರ್ಪಾಲು ಎಂದು ನಾವು ಕರೆಯುವ ವಸ್ತುವಿನ ತಮ್ಮನೆಂದರೂ ಸಲ್ಲುತ್ತದೆ. ಮುಷ್ಟಿಯಲ್ಲಿ ಹಿಡಿದರೆ ರೇಷ್ಮೆಯ ಕರವಸ್ತ್ರದಂತಿರುವ ಈ ಬಟ್ಟೆಯನ್ನು ನೋಡಿದ ತಾಯಿತಂದೆಗಳು ಕೇಳುವ ಪ್ರಶ್ನೆ ಒಂದೇ: ‘‘ಮಳೆಗಾಳಿ ಬಂದರೆ ಇದು ತಡೆದೀತೆ?’’

ಪ್ರಶ್ನೆ ಸರಿಯಾದದ್ದೇ. ಆದರೆ ‘‘ಅಂಗಡಿಯವನು ತಡೆಯುತ್ತದೆ ಎಂದ’’ ಎಂಬುದು ಅದಕ್ಕೆ ಸರಿಯಾದ ಉತ್ತರವಲ್ಲ. ಮಾರುವವನು ಹೇಳುವುದು ಬಟ್ಟೆಯ ಗುಣವನ್ನು. ಬಿರುಗಾಳಿ ಪರೀಕ್ಷಿಸುವುದು ಬಟ್ಟೆಯನ್ನು ಮಾತ್ರವಲ್ಲ, ಹಗ್ಗವನ್ನು, ಗಂಟನ್ನು, ಗೂಟವನ್ನು, ಗೂಟ ನೆಟ್ಟ ನೆಲವನ್ನು, ಎಲ್ಲಕ್ಕಿಂತ ಮಿಗಿಲಾಗಿ ಅದರ ಕೆಳಗೆ ಮಲಗಿದವರ ವಿವೇಕವನ್ನು. ಇವುಗಳಲ್ಲಿ ಬಹುಪಾಲನ್ನು ಹೊರಡುವ ಮುನ್ನ ಮನೆಯ ಹತ್ತಿರದಲ್ಲಿಯೇ ಪರೀಕ್ಷಿಸಿ ನೋಡಬಹುದು. ಅದು ಹೇಗೆಂಬುದೇ ಈ ಲೇಖನದ ವಿಷಯ.

ಹಳೆಯ ವಸ್ತು, ಹೊಸ ಬಟ್ಟೆ

ಜೋಲಿ ನಮಗೆ ಹೊಸದಲ್ಲ. ಹೊಲದಲ್ಲಿ ಕಳೆ ಕೀಳುವ ತಾಯಿ ಮರದ ಕೊಂಬೆಗೆ ಸೀರೆಯನ್ನು ಕಟ್ಟಿ ಕೂಸನ್ನು ಅದರೊಳಗಿಟ್ಟು ತೂಗುವುದನ್ನು ನಮ್ಮ ಸೀಮೆಯಲ್ಲಿ ಯಾರು ತಾನೆ ಕಂಡಿಲ್ಲ? ದೊಡ್ಡವರು ಮಲಗುವ ಜೋಲಿ ಮಾತ್ರ ದೂರದಿಂದ ಬಂದದ್ದು. 1492ರಲ್ಲಿ ಕೊಲಂಬಸನ ಹಡಗುಗಳು ಕೆರಿಬಿಯನ್ ದ್ವೀಪಗಳನ್ನು ಮುಟ್ಟಿದಾಗ, ಅಲ್ಲಿನ ಜನ ಹತ್ತಿಯ ನೂಲಿನ ಬಲೆಗಳನ್ನು ತೂಗುಹಾಕಿಕೊಂಡು ಮಲಗುತ್ತಿದ್ದರು. ನೆಲದ ತೇವ, ಹುಳುಹುಪ್ಪಟೆಗಳಿಂದ ದೂರವಿರುವ ಈ ಹಾಸಿಗೆ ಯೂರೋಪಿನ ನಾವಿಕರಿಗೆ ಬಹಳ ಹಿಡಿಸಿತು. ಹಡಗು ಎಷ್ಟು ಓಲಾಡಿದರೂ ಮಲಗಿದವನು ಉರುಳಿ ಬೀಳುವಂತಿರಲಿಲ್ಲ.

ಮಳೆಯ ಹೊದಿಕೆಯೂ ನಮಗೆ ಹೊಸದಲ್ಲ. ಮೈಸೂರು ಸೀಮೆಯ ರೈತ ಕಂಬಳಿಯ ಮೂಲೆಯನ್ನು ಮಡಿಸಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಮಳೆಯಲ್ಲಿ ಉಳುತ್ತಿದ್ದ. ಉಣ್ಣೆಯಲ್ಲಿರುವ ಸಹಜವಾದ ಜಿಡ್ಡು ನೀರನ್ನು ಬಹಳ ಹೊತ್ತು ಒಳಗೆ ಬಿಡುತ್ತಿರಲಿಲ್ಲ. ಮಲೆನಾಡಿನವರು ನಾಟಿಯ ಕಾಲದಲ್ಲಿ ಬಿದಿರಿನ ಹೆಣಿಗೆಗೆ ಎಲೆ ಹೊದಿಸಿದ ಗೊರಬನ್ನು ಬೆನ್ನಿಗೆ ಏರಿಸುತ್ತಿದ್ದರು. ಇವೆರಡರ ಗುಟ್ಟೂ ಒಂದೇ: ನೀರು ನಿಲ್ಲಬಾರದು, ಇಳಿದು ಹೋಗಬೇಕು. ಇಂದಿನ ಮೇಲ್ಕಟ್ಟಿನ ಗುಟ್ಟೂ ಅದೇ.

ಬದಲಾಗಿರುವುದು ತೂಕ. ದಪ್ಪ ಕ್ಯಾನ್ವಾಸ್ ಬಟ್ಟೆಯ ಹಳೆಯ ಟಾರ್ಪಾಲು ಚದರ ಮೀಟರಿಗೆ ಸುಮಾರು ಅರ್ಧ ಕಿಲೋಗ್ರಾಂ ತೂಗುತ್ತದೆ. ನೆನೆದರೆ ಇನ್ನೂ ಹೆಚ್ಚು. ನೈಲಾನ್ ನೂಲಿನ ತೆಳುಬಟ್ಟೆಗೆ ಸಿಲಿಕೋನ್ ಲೇಪ ಕೊಟ್ಟು ತಯಾರಿಸುವ ಈಗಿನ ಬಟ್ಟೆ ಚದರ ಮೀಟರಿಗೆ 45 ಗ್ರಾಂ ಮಾತ್ರ ಇರಬಹುದು. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಮೇಲ್ಕಟ್ಟನ್ನು ಕ್ಯಾನ್ವಾಸಿನಲ್ಲಿ ಮಾಡಿದರೆ ನಾಲ್ಕೂವರೆ ಕಿಲೋಗ್ರಾಂ. ಈ ಹೊಸ ಬಟ್ಟೆಯಲ್ಲಿ ಮಾಡಿದರೆ ನಾನೂರು ಗ್ರಾಂ. ಹೊರುವ ಬೆನ್ನಿಗೆ ಇದು ದೊಡ್ಡ ಉಪಕಾರ. ಆದರೆ ಬಟ್ಟೆ ಹಗುರವಾಯಿತೆಂದು ಗಾಳಿ ಹಗುರವಾಗುವುದಿಲ್ಲ.

ಇಲವಾಲದ ಬಯಲಿನಲ್ಲಿ

ಮೈಸೂರಿನವರು ಇಂಥ ಪರೀಕ್ಷೆಗೆ ಎಲ್ಲಿಗೆ ಹೋಗಬೇಕು? ಆಗುಂಬೆಗೆ ಹೋಗಬೇಕೆಂದು ಹಲವರು ಹೇಳುತ್ತಾರೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರು ಅದು. ಬಟ್ಟೆಯಲ್ಲಿ ನೀರು ಜಿನುಗುವುದೋ ಇಲ್ಲವೋ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಆದರೆ ಮೇಲ್ಕಟ್ಟನ್ನು ಕಿತ್ತೊಗೆಯುವುದು ಸಾಮಾನ್ಯವಾಗಿ ಹಗಲೂ ರಾತ್ರಿ ಒಂದೇ ಸಮನೆ ಸುರಿಯುವ ಮುಂಗಾರು ಮಳೆಯಲ್ಲ. ಮುಂಗಾರಿಗೆ ಮುಂಚೆ ಅರ್ಧ ಗಂಟೆ ಅಬ್ಬರಿಸಿ ಹೋಗುವ ಗಾಳಿಮಳೆ. ಅದನ್ನು ಕಾಣಲು ಮೈಸೂರಿನಿಂದ ದೂರ ಹೋಗಬೇಕಾಗಿಲ್ಲ. ಹುಣಸೂರು ರಸ್ತೆಯಲ್ಲಿರುವ ಇಲವಾಲವೇ ಸಾಕು.

ಇಲವಾಲವೆಂದರೆ ಹಳಬರಿಗೆ 1957ರ ಸೆಪ್ಟೆಂಬರಿನಲ್ಲಿ ವಿನೋಬಾ ಭಾವೆಯವರ ಸನ್ನಿಧಿಯಲ್ಲಿ ನಡೆದ ಗ್ರಾಮದಾನ ಸಮ್ಮೇಳನದ ನೆನಪಾಗುತ್ತದೆ. ಇಂದಿನ ತರುಣರಿಗೆ ಅದು ಕೊಡಗಿನ ದಾರಿಯಲ್ಲಿ ಬಸ್ಸು ದಾಟಿಹೋಗುವ ಒಂದು ಊರು. ಮೈಸೂರು ನಗರ ಬೆಳೆಯುತ್ತ ಬೆಳೆಯುತ್ತ ಅದರ ಬಾಗಿಲಿಗೇ ಬಂದಿದೆ. ಆದರೂ ಸುತ್ತಮುತ್ತ ಕೆಂಪು ಮಣ್ಣಿನ ಹೊಲಗಳು, ತೆಂಗಿನ ತೋಟಗಳು, ಗಾಳಿಗೆ ತೆರೆದ ಬಯಲುಗಳು ಇನ್ನೂ ಉಳಿದಿವೆ. ಮೈಸೂರಿನ ಕಡೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚು ಬೀಳುವ ತಿಂಗಳುಗಳು ಜುಲೈ ಆಗಸ್ಟ್ ಅಲ್ಲ, ಮೇ ಮತ್ತು ಅಕ್ಟೋಬರ್. ಭರಣಿ, ಕೃತ್ತಿಕೆಯ ಮಳೆ ಎಂದು ರೈತರು ಕಾಯುವುದು ಏಪ್ರಿಲ್ ಕೊನೆಯಿಂದ ಮೇ ಕೊನೆಯವರೆಗಿನ ಈ ಮಳೆಯನ್ನೇ. ಅದು ಬೇಸಾಯಕ್ಕೆ ಹದ ತರುತ್ತದೆ. ಜೊತೆಗೆ ಬಾಳೆಯ ತೋಟವನ್ನು ಮಲಗಿಸಿ, ಮನೆಯ ತಗಡನ್ನು ಹಾರಿಸಿ ಹೋಗುವುದೂ ಉಂಟು.

ಈ ಗಾಳಿ ಬರುವ ಬಗೆಯನ್ನು ತಿಳಿದುಕೊಂಡರೆ ಮೇಲ್ಕಟ್ಟನ್ನು ಕಟ್ಟುವ ಬಗೆ ತಾನಾಗಿ ತಿಳಿಯುತ್ತದೆ. ಬಿಸಿಲಿಗೆ ಕಾದ ನೆಲದ ಮೇಲಿನ ತೇವಭರಿತ ಗಾಳಿ ಮಧ್ಯಾಹ್ನದ ಹೊತ್ತಿಗೆ ಮೇಲೇರುತ್ತದೆ. ಹತ್ತು ಹನ್ನೆರಡು ಕಿಲೋಮೀಟರಿಗೂ ಎತ್ತರಕ್ಕೆ ಬೆಳೆಯುವ ಗುಡುಗುಮೋಡ ಹುಟ್ಟುತ್ತದೆ. ಮೋಡದಿಂದ ಮಳೆ ಬೀಳತೊಡಗಿದಾಗ ಹನಿಗಳ ಒಂದು ಭಾಗ ದಾರಿಯಲ್ಲೇ ಆವಿಯಾಗಿ ಸುತ್ತಲಿನ ಗಾಳಿಯನ್ನು ತಣಿಸುತ್ತದೆ. ತಣ್ಣನೆಯ ಗಾಳಿ ಭಾರ. ಅದು ಕೆಳಗೆ ಧುಮುಕಿ, ನೆಲಕ್ಕೆ ಬಡಿದು, ಕೊಡದಿಂದ ಸುರಿದ ನೀರು ಅಂಗಳದಲ್ಲಿ ಹರಡಿಕೊಳ್ಳುವಂತೆ ಸುತ್ತಲೂ ನುಗ್ಗುತ್ತದೆ. ಮಳೆಗಿಂತ ಮುಂಚೆ ಧೂಳೆಬ್ಬಿಸಿಕೊಂಡು ಬರುವ ತಂಪುಗಾಳಿ ಇದೇ. ಅದು ಬರುವ ಮುನ್ನ ಗಾಳಿ ಹಲವು ವೇಳೆ ಮೋಡದ ಕಡೆಗೆ ಮೆಲ್ಲಗೆ ಬೀಸುತ್ತಿರುತ್ತದೆ. ಬಂದೊಡನೆ ಮೋಡದ ಕಡೆಯಿಂದ ಜೋರಾಗಿ ಬೀಸುತ್ತದೆ. ಸಂಜೆಯ ತಂಗಾಳಿಯ ದಿಕ್ಕು ನೋಡಿ ಮೇಲ್ಕಟ್ಟನ್ನು ಕಟ್ಟಿದವರು ಇಲ್ಲಿ ಮೋಸಹೋಗುತ್ತಾರೆ. ಕಟ್ಟುವಾಗ ನೋಡಬೇಕಾದುದು ಗಾಳಿಯ ದಿಕ್ಕನ್ನಲ್ಲ, ಮೋಡ ಕವಿದ ದಿಕ್ಕನ್ನು. ಆ ಕಡೆಯ ಅಂಚನ್ನು ನೆಲಕ್ಕೆ ಹತ್ತಿರವಾಗಿ ಇಳಿಸಿ ಕಟ್ಟಬೇಕು. ಗಾಳಿ ಮತ್ತೆ ತಿರುಗಬಹುದಾದ್ದರಿಂದ ಇನ್ನೊಂದು ಅಂಚನ್ನೂ ಒಡನೆಯೇ ಇಳಿಸುವಂತೆ ಸಿದ್ಧವಾಗಿರಿಸಿಕೊಳ್ಳಬೇಕು.

ಗಾಳಿಯ ಲೆಕ್ಕ

ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ. ಈ ಒಂದು ನಿಯಮವನ್ನು ಮನಸ್ಸಿನಲ್ಲಿಟ್ಟರೆ ಎಷ್ಟೋ ಅನಾಹುತಗಳ ಕಾರಣ ತಿಳಿಯುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿಗೆ ಒಂದು ಬಟ್ಟೆಯನ್ನು ನೇರವಾಗಿ ಎದುರುಹಿಡಿದರೆ, ಅದು ಪ್ರತಿ ಚದರ ಮೀಟರಿನ ಮೇಲೆ ಆರು ಕಿಲೋಗ್ರಾಂ ತೂಕದಷ್ಟು ಒತ್ತುತ್ತದೆ. 72 ಕಿಲೋಮೀಟರ್ ವೇಗಕ್ಕೆ ಅದು ಸುಮಾರು 24 ಕಿಲೋಗ್ರಾಂ. 108 ಕಿಲೋಮೀಟರಿಗೆ ಸುಮಾರು 55 ಕಿಲೋಗ್ರಾಂ. ನಮ್ಮ ಒಂಬತ್ತು ಚದರ ಮೀಟರಿನ ಮೇಲ್ಕಟ್ಟಿಗೆ ಇದನ್ನು ಅನ್ವಯಿಸಿದರೆ ಮೊದಲನೆಯ ಗಾಳಿಯಲ್ಲಿ 54 ಕಿಲೋಗ್ರಾಂ, ಎರಡನೆಯದರಲ್ಲಿ ಇನ್ನೂರು ಚಿಲ್ಲರೆ, ಮೂರನೆಯದರಲ್ಲಿ ಅರ್ಧ ಟನ್ನಿಗೆ ಸಮೀಪ.

ಕಟ್ಟಡಗಳ ಲೆಕ್ಕಾಚಾರಕ್ಕಾಗಿ ಭಾರತೀಯ ಮಾನಕವು ಮೈಸೂರಿಗೆ ಗೊತ್ತುಮಾಡಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಎಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಇದು ಬಯಲಿನಲ್ಲಿ ನೆಲದಿಂದ ಹತ್ತು ಮೀಟರ್ ಎತ್ತರದಲ್ಲಿ, ಐವತ್ತು ವರ್ಷಗಳಲ್ಲಿ ಒಮ್ಮೆ ನಿರೀಕ್ಷಿಸಬಹುದಾದ ಕ್ಷಣಿಕ ವೇಗ. ನೆಲದ ಹತ್ತಿರ ಗಾಳಿ ಅಷ್ಟು ಬಿರುಸಾಗಿರುವುದಿಲ್ಲ ನಿಜ. ಆದರೂ ನಾನೂರು ಗ್ರಾಂ ಬಟ್ಟೆ, ಬೆರಳುದ್ದದ ಗೂಟಗಳು ಇವನ್ನು ನೆಚ್ಚಿಕೊಂಡು ಅಂಥ ಗಾಳಿಗೆ ಎದುರು ನಿಲ್ಲುವುದು ವಿವೇಕವಲ್ಲವೆಂದು ತಿಳಿಯಲು ಈ ಲೆಕ್ಕ ಸಾಕು. ಆದ್ದರಿಂದ ಮೇಲ್ಕಟ್ಟಿನ ಕೌಶಲವೆಲ್ಲ ಗಾಳಿಯನ್ನು ಎದುರಿಸುವುದರಲ್ಲಿಲ್ಲ, ಅದಕ್ಕೆ ದಾರಿ ಬಿಡುವುದರಲ್ಲಿದೆ. ತಗ್ಗಾಗಿ, ಎರಡು ಕಡೆಗೂ ಕಡಿದಾದ ಇಳಿಜಾರಿನಲ್ಲಿ, ಬಿಗಿಯಾಗಿ ಕಟ್ಟಿದ ಬಟ್ಟೆಯ ಮೇಲೆ ಗಾಳಿ ಜಾರಿಹೋಗುತ್ತದೆ. ಎತ್ತರದಲ್ಲಿ ಚಪ್ಪಟೆಯಾಗಿ ಕಟ್ಟಿದ ಬಟ್ಟೆ ಹಡಗಿನ ಹಾಯಿಯಾಗುತ್ತದೆ. ಕೆಳಗಿನಿಂದ ಗಾಳಿ ಎತ್ತುತ್ತದೆ, ಮೇಲಿನಿಂದ ಹೀರುತ್ತದೆ. ತಗಡಿನ ಮಾಡುಗಳು ಹಾರುವುದೂ ಹೀಗೆಯೇ.

ಗಾಳಿಗೆ ಪಟಪಟನೆ ಬಡಿದುಕೊಳ್ಳುವ ಬಟ್ಟೆ ಇನ್ನೂ ಬೇಗ ಸೋಲುತ್ತದೆ. ಒಂದು ಭಾರವನ್ನು ಮೆಲ್ಲಗೆ ಹೇರಿದಾಗ ಹಗ್ಗದ ಮೇಲೆ ಬೀಳುವ ಎಳೆತಕ್ಕಿಂತ ಅದೇ ಭಾರವನ್ನು ಥಟ್ಟನೆ ಹೇರಿದಾಗ ಬೀಳುವ ಎಳೆತ ಎರಡರಷ್ಟಾಗಬಹುದು. ಒಂದೊಂದು ಬಡಿತವೂ ಇಂಥ ಒಂದು ಜಗ್ಗು. ಆದ್ದರಿಂದಲೇ ಒಳ್ಳೆಯ ಮೇಲ್ಕಟ್ಟುಗಳ ಅಂಚನ್ನು ನೆಟ್ಟಗೆ ಕತ್ತರಿಸದೆ, ಎರಡು ತುದಿ ಹಿಡಿದು ಇಳಿಬಿಟ್ಟ ಸರಪಣಿಯಂತೆ ಒಳಕ್ಕೆ ಬಾಗಿಸಿ ಕತ್ತರಿಸಿರುತ್ತಾರೆ. ಆಗ ಮೂಲೆಗಳನ್ನು ಎಳೆದೊಡನೆ ಅಂಚು ಪೂರ್ತಿ ಬಿಗಿಯುತ್ತದೆ. ಜೋಲುವ ಭಾಗ ಉಳಿಯುವುದಿಲ್ಲ. ಬದಿಯ ಹಗ್ಗಗಳಿಗೆ ಹಳೆಯ ಸೈಕಲ್ ಟ್ಯೂಬಿನ ಒಂದು ತುಂಡನ್ನು ಸೇರಿಸಿ ಕಟ್ಟಿದರೆ ಅದು ಜಗ್ಗನ್ನು ನುಂಗಿಕೊಳ್ಳುತ್ತದೆ. ಖರ್ಚಿಲ್ಲದ ಉಪಾಯ.

ಮನೆಯಲ್ಲೇ ಮಾಡುವ ಪರೀಕ್ಷೆಗಳು

ಮೊದಲನೆಯದು ಬಟ್ಟೆಯ ಪರೀಕ್ಷೆ. ಬಟ್ಟೆ ಎಷ್ಟು ಮಿಲಿಮೀಟರ್ ಎತ್ತರದ ನೀರಿನ ಕಂಬವನ್ನು ಜಿನುಗದೆ ತಡೆಯುತ್ತದೆ ಎಂಬುದು ಅದರ ಜಲನಿರೋಧದ ಅಳತೆ. ಮಾರುವವರು 1500 ಅಥವಾ 2000 ಎಂದು ಬರೆಯುವುದು ಇದನ್ನೇ. ಇದನ್ನು ನೀವೂ ನೋಡಬಹುದು. ಎರಡು ಮೀಟರ್ ಉದ್ದದ ನಲ್ಲಿಯ ಪ್ಲಾಸ್ಟಿಕ್ ಕೊಳವೆಯೊಂದರ ಕೆಳಬಾಯಿಗೆ ಬಟ್ಟೆಯ ಒಂದು ಭಾಗವನ್ನು ರಬ್ಬರು ಪಟ್ಟಿಯಿಂದ ಬಿಗಿಯಾಗಿ ಕಟ್ಟಿ, ಕೊಳವೆಯನ್ನು ನೆಟ್ಟಗೆ ಹಿಡಿದು, ಮೇಲಿನಿಂದ ನೀರು ತುಂಬುತ್ತ ಹೋಗಿ. ಒಂದು ಮೀಟರ್ ನೀರು ನಿಂತರೆ 1000, ಒಂದೂವರೆ ಮೀಟರ್ ನಿಂತರೆ 1500. ಹೊಲಿಗೆ ಇರುವ ಜಾಗದಲ್ಲಿಯೂ ಇದನ್ನು ಮಾಡಿ. ಬಟ್ಟೆ ಗೆದ್ದು ಹೊಲಿಗೆ ಸೋಲುವುದೇ ಹೆಚ್ಚು. ಹೊಲಿಗೆಯ ರಂಧ್ರಗಳಿಗೆ ಬಟ್ಟೆಯ ಜಾತಿಗೆ ಒಪ್ಪುವ ಅಂಟನ್ನು ಸವರಿ, ಒಣಗಿದ ಮೇಲೆ ಮತ್ತೆ ಪರೀಕ್ಷಿಸಬೇಕು.

ನೂಲಿನ ಜಾತಿಯನ್ನೂ ಕೇಳಿ ತಿಳಿದುಕೊಳ್ಳಿ. ನೈಲಾನ್ ನೀರನ್ನು ಸ್ವಲ್ಪ ಹೀರಿಕೊಂಡು ಸಡಿಲವಾಗುತ್ತದೆ. ಸಂಜೆ ತಂಬೂರಿಯ ತಂತಿಯಂತೆ ಬಿಗಿದು ಕಟ್ಟಿದ್ದು ಮಳೆ ಬಿದ್ದ ಹತ್ತು ನಿಮಿಷಕ್ಕೆ ಜೋಲುಬೀಳುತ್ತದೆ. ಅದು ಬಟ್ಟೆಯ ದೋಷವಲ್ಲ, ಗುಣ. ಪಾಲಿಯೆಸ್ಟರ್ ಹಾಗೆ ಸಡಿಲವಾಗುವುದು ಬಹಳ ಕಡಮೆ. ನೈಲಾನ್ ಮೇಲ್ಕಟ್ಟನ್ನು ಮಳೆಯ ನಡುವೆ ಒಮ್ಮೆಯಾದರೂ ಎದ್ದು ಬಿಗಿಯಬೇಕಾಗುತ್ತದೆ. ಆದ್ದರಿಂದ ಕತ್ತಲೆಯಲ್ಲಿ, ಒದ್ದೆಯಾದ ಕೈಯಲ್ಲಿ ಬಿಗಿಯಲು ಬರುವಂಥ ಜಾರುಗಂಟನ್ನು ಹಾಕಿರಬೇಕು. ಕಣ್ಣು ಮುಚ್ಚಿಕೊಂಡು ಕಟ್ಟಲು ಬಾರದ ಗಂಟು ಕಾಡಿನಲ್ಲಿ ಉಪಯೋಗಕ್ಕೆ ಬಾರದು. ಹೊರಡುವ ಮುನ್ನ ಮಗನಿಗೆ ಕಣ್ಣಿಗೆ ಬಟ್ಟೆ ಕಟ್ಟಿ, ಕೈ ನೆನೆಸಿ, ಅಂಗಳದ ಕಂಬಕ್ಕೆ ಗಂಟು ಹಾಕಿ ಬಿಚ್ಚಲು ಹೇಳಿ. ಆಟವೆಂಬಂತೆ ನಡೆದರೂ ಇದು ನಿಜವಾದ ಪರೀಕ್ಷೆ.

ಎರಡನೆಯದು ಹಗ್ಗದ ಕೋನ. ಜೋಲಿಯನ್ನು ನೆಟ್ಟಗೆ ಬಿಗಿಯಾಗಿ ಎಳೆದು ಕಟ್ಟಿದರೆ ಗಟ್ಟಿ ಎಂದು ಬಹಳ ಮಂದಿಯ ಎಣಿಕೆ. ವಾಸ್ತವ ಅದಕ್ಕೆ ವಿರುದ್ಧ. ಅರವತ್ತು ಕಿಲೋಗ್ರಾಂ ತೂಕದವರು ಮಲಗಿದಾಗ, ಹಗ್ಗ ಅಡ್ಡಗೆರೆಯಿಂದ ಮೂವತ್ತು ಡಿಗ್ರಿ ಇಳಿಜಾರಾಗಿದ್ದರೆ ಒಂದೊಂದು ಬದಿಯ ಹಗ್ಗದ ಮೇಲೂ ಬೀಳುವ ಎಳೆತ ಅರವತ್ತು ಕಿಲೋಗ್ರಾಂ. ಹಗ್ಗವನ್ನು ಬಿಗಿದು ಕೋನವನ್ನು ಹತ್ತು ಡಿಗ್ರಿಗೆ ಇಳಿಸಿದರೆ ಎಳೆತ ಸುಮಾರು 173 ಕಿಲೋಗ್ರಾಂ. ಐದು ಡಿಗ್ರಿಗೆ ಇಳಿಸಿದರೆ 344. ಮಲಗುವವರು ಅವರೇ, ಹಗ್ಗವೂ ಅದೇ. ಹಗ್ಗ ಹರಿಯುವುದು ತೂಕದಿಂದಲ್ಲ, ಕಟ್ಟಿದ ಬಗೆಯಿಂದ. ಜೋಲಿಯನ್ನು ಜೋಲಲು ಬಿಡಬೇಕು. ಹೆಸರೇ ಅದನ್ನು ಹೇಳುತ್ತದಲ್ಲ! ನೆಲದಿಂದ ಕುರ್ಚಿಯ ಎತ್ತರಕ್ಕಿಂತ ಮೇಲೆ ಕಟ್ಟಬೇಡಿ. ಮರಕ್ಕೆ ಸಪುರ ಹಗ್ಗದ ಬದಲು ಅಗಲವಾದ ಪಟ್ಟಿಯನ್ನು ಸುತ್ತಿದರೆ ತೊಗಟೆ ಗಾಯಗೊಳ್ಳುವುದಿಲ್ಲ.

ಜೋಲಿಯ ಹಗ್ಗ ಬೇರೆ, ಮೇಲ್ಕಟ್ಟಿನ ನಡುಹಗ್ಗ ಬೇರೆಯಾಗಿರಬೇಕು. ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ಮರದ ಮೇಲೆ ಇಳಿಯುವ ನೀರು ಹಗ್ಗವನ್ನು ಹಿಡಿದು ಜೋಲಿಯೊಳಕ್ಕೆ ಬರುವುದುಂಟು. ಮೇಲ್ಕಟ್ಟಿನ ಅಂಚಿನ ಕೆಳಗೆ, ಜೋಲಿಯ ಹಗ್ಗಕ್ಕೆ ಒಂದು ಗೇಣು ನೂಲನ್ನು ಕಟ್ಟಿ ಇಳಿಬಿಡಿ. ನೀರು ನೂಲಿನ ತುದಿಯಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ, ಹಾಸಿಗೆ ಒಣಗಿರುತ್ತದೆ.

ಮೂರನೆಯದು ಗೂಟದ ಪರೀಕ್ಷೆ. ಎಲ್ಲಕ್ಕಿಂತ ಹೆಚ್ಚಿನದು ಇದೇ, ಎಲ್ಲರೂ ಮರೆಯುವುದೂ ಇದನ್ನೇ. ಇಲವಾಲದ ಕೆಂಪು ನೆಲ ಏಪ್ರಿಲಿನ ಬಿಸಿಲಿನಲ್ಲಿ ಇಟ್ಟಿಗೆಯಂತೆ ಗಟ್ಟಿ. ಕಲ್ಲಿನಿಂದ ಹೊಡೆದರೂ ಗೂಟ ಇಳಿಯಲು ಹಟಮಾಡುತ್ತದೆ. ಇಳಿದ ಮೇಲೆ ಕೀಳಲಾಗುವುದಿಲ್ಲ. ‘‘ಭದ್ರವಾಯಿತು’’ ಎಂದು ಮಲಗುತ್ತೇವೆ. ಒಂದು ಅಂಗುಲ ಮಳೆ ಬಿದ್ದ ಮೇಲೆ ಅದೇ ನೆಲ ಅರೆದ ಹಿಟ್ಟಿನಂತೆ ಮೆತ್ತಗಾಗುತ್ತದೆ. ಗಾಳಿಯ ಜಗ್ಗಿಗೆ ಗೂಟ ಬೆಣ್ಣೆಯಿಂದ ಕೂದಲು ಬರುವಂತೆ ಬಂದುಬಿಡುತ್ತದೆ. ಒಣನೆಲದಲ್ಲಿ ಮಾಡಿದ ಪರೀಕ್ಷೆ ಅರ್ಧ ಪರೀಕ್ಷೆ. ಹೀಗೆ ಮಾಡಿ: ಗೂಟವನ್ನು ನೆಟ್ಟು, ಅದರ ಹಗ್ಗಕ್ಕೆ ಸಾಮಾನು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಸಿಕ್ಕಿಸಿ ಎಳೆಯಿರಿ. ಎಷ್ಟು ಕಿಲೋಗ್ರಾಮಿಗೆ ಗೂಟ ಅಲುಗಿತೆಂದು ಬರೆದುಕೊಳ್ಳಿ. ಬಳಿಕ ಪಕ್ಕದಲ್ಲೇ ಇನ್ನೊಂದು ಗೂಟ ನೆಟ್ಟು, ಬುಡಕ್ಕೆ ಎರಡು ಕೊಡ ನೀರು ಹೊಯ್ದು, ಅರ್ಧ ಗಂಟೆ ಬಿಟ್ಟು ಎಳೆಯಿರಿ. ಎರಡು ಅಂಕಿಗಳ ವ್ಯತ್ಯಾಸವೇ ನಿಮಗೆ ಪಾಠ ಹೇಳುತ್ತದೆ.

ಗೂಟದ ತಲೆ ಮೇಲ್ಕಟ್ಟಿನಿಂದ ಹೊರಮುಖವಾಗಿ ವಾಲಿರಲಿ. ಹಗ್ಗಕ್ಕೂ ಗೂಟಕ್ಕೂ ನಡುವೆ ಲಂಬಕೋನವಿದ್ದರೆ ಹಿಡಿತ ಹೆಚ್ಚು. ನೆಲ ಮೆತ್ತಗಿದ್ದರೆ ಒಂದು ಗೂಟದ ಹಿಂದೆ ಇನ್ನೊಂದನ್ನು ನೆಟ್ಟು ಎರಡನ್ನೂ ಹಗ್ಗದಿಂದ ಕೂಡಿಸಿ. ಅದೂ ಸಾಲದಿದ್ದರೆ ಮೊಳವುದ್ದದ ಕಟ್ಟಿಗೆಯ ತುಂಡೊಂದರ ನಡುವಿಗೆ ಹಗ್ಗ ಕಟ್ಟಿ, ಒಂದು ಮೊಳ ಆಳದಲ್ಲಿ ಅಡ್ಡಲಾಗಿ ಹೂತು ಮಣ್ಣು ತುಳಿಯಿರಿ. ಮರದ ಬೇರು, ದೊಡ್ಡ ಕಲ್ಲುಗಳಿದ್ದ ಕಡೆ ಗೂಟವೇ ಬೇಡ.

ನಾಲ್ಕನೆಯದು ನೀರು ನಿಲ್ಲುವ ಪರೀಕ್ಷೆ. ಒಂದು ಮಿಲಿಮೀಟರ್ ಮಳೆ ಎಂದರೆ ಪ್ರತಿ ಚದರ ಮೀಟರಿಗೆ ಒಂದು ಲೀಟರ್ ನೀರು. ಬಿರುಮಳೆಯಲ್ಲಿ ಗಂಟೆಗೆ 50 ಮಿಲಿಮೀಟರ್ ಬಿದ್ದರೆ, ಒಂಬತ್ತು ಚದರ ಮೀಟರಿನ ಬಟ್ಟೆಯ ಮೇಲೆ ಗಂಟೆಯಲ್ಲಿ 450 ಲೀಟರ್ ನೀರು ಬೀಳುತ್ತದೆ. ಅದರಲ್ಲಿ ಹತ್ತರಲ್ಲೊಂದು ಪಾಲು ಒಂದು ತಗ್ಗಿನಲ್ಲಿ ನಿಂತರೂ 45 ಕಿಲೋಗ್ರಾಂ. ಮದುವೆಯ ಮನೆಯ ಶಾಮಿಯಾನ ಕುಸಿಯುವುದು ಬಹುತೇಕ ಹೀಗೆಯೇ. ಮೇಲ್ಕಟ್ಟನ್ನು ಕಟ್ಟಿ ಮುಗಿಸಿದ ಮೇಲೆ ನಡುವಿಗೂ ನಾಲ್ಕು ಬದಿಗಳಿಗೂ ಒಂದೊಂದು ಬಕೆಟ್ಟು ನೀರು ಎರಚಿ ನೋಡಿ. ಎಲ್ಲಿಯೂ ಒಂದು ಬೊಗಸೆ ನೀರೂ ನಿಲ್ಲಬಾರದು.

ಈ ನಾಲ್ಕೂ ಮುಗಿದ ಮೇಲೆ ಗಾಳಿಯ ದಿನ ಕಾಯಬೇಕು. ಹಗಲಿನಲ್ಲಿ, ನಾಲ್ಕು ಹೆಜ್ಜೆಗೆ ಗಟ್ಟಿಯಾದ ಮನೆಯಿರುವ ಕಡೆ, ಕೆಳಗೆ ಯಾರೂ ಇಲ್ಲದಂತೆ ಮೇಲ್ಕಟ್ಟನ್ನು ಕಟ್ಟಿ, ಜೋಲಿಯಲ್ಲಿ ಒಂದು ಅಕ್ಕಿಯ ಚೀಲವನ್ನಿಟ್ಟು, ನೀವು ಮನೆಯೊಳಗಿದ್ದು ಕಿಟಕಿಯಿಂದ ನೋಡಿ. ಗಾಳಿಯ ವೇಗವನ್ನು ಅಳೆಯಲು ಯಂತ್ರ ಬೇಕಿಲ್ಲ. ದೊಡ್ಡ ಕೊಂಬೆಗಳು ಅಲುಗಿ, ಛತ್ರಿ ಹಿಡಿಯುವುದು ಕಷ್ಟವಾದರೆ ಗಂಟೆಗೆ ಸುಮಾರು 40ರಿಂದ 50 ಕಿಲೋಮೀಟರ್. ಮರದ ರೆಂಬೆಗಳು ಮುರಿದು ಬೀಳತೊಡಗಿದರೆ 60 ದಾಟಿದೆ. ಮರಗಳೇ ಬುಡಮೇಲಾದರೆ 90 ಆಗಿದೆ. ಮೊದಲು ಸೋತದ್ದು ಯಾವುದು, ಗೂಟವೋ ಗಂಟೋ ಹೊಲಿಗೆಯೋ, ಎಷ್ಟು ಗಾಳಿಗೆ ಎಂದು ಬರೆದಿಡಿ. ಅದನ್ನು ಸರಿಪಡಿಸಿ ಇನ್ನೊಂದು ದಿನ ಮತ್ತೆ ನೋಡಿ.

ಬಟ್ಟೆ ಗೆಲ್ಲಲಾರದ ಪರೀಕ್ಷೆ

ಇಷ್ಟೆಲ್ಲವನ್ನೂ ಗೆದ್ದ ಮೇಲ್ಕಟ್ಟು ಸಹ ಎರಡು ವಿಷಯಗಳಲ್ಲಿ ನಿಷ್ಪ್ರಯೋಜಕ. ತಾಯಿತಂದೆಗಳು ಮಕ್ಕಳಿಗೆ ಒತ್ತಿ ಹೇಳಬೇಕಾದುದು ಇದನ್ನೇ.

ಒಂದು, ಮರ. ಜೋಲಿಗೆ ಮರವೇ ಆಧಾರ. ಬಿರುಗಾಳಿಯಲ್ಲಿ ಮರವೇ ಅಪಾಯ. ಕಟ್ಟುವ ಮುನ್ನ ತಲೆಯೆತ್ತಿ ನೋಡಬೇಕು. ಒಣಗಿದ ಕೊಂಬೆ, ಬೇರೆ ಕೊಂಬೆಗೆ ಸಿಕ್ಕಿಕೊಂಡು ನಿಂತ ಮುರುಕು, ಬುಡದಲ್ಲಿ ಪೊಟರೆ ಅಥವಾ ಅಣಬೆ, ಒಂದು ಕಡೆ ಅಗೆದ ಬೇರು ಇವುಗಳಲ್ಲಿ ಒಂದು ಕಂಡರೂ ಆ ಮರ ಬೇಡ. ತೆಂಗಿನ ಮರದಿಂದ ಕಾಯಿ, ಗರಿಗಳು ಬೀಳುತ್ತವೆ. ನೀಲಗಿರಿ, ಗುಲ್‌ಮೊಹರ್ ಮರಗಳ ಕೊಂಬೆಗಳು ಗಾಳಿಗೆ ಬೇಗ ಮುರಿಯುತ್ತವೆ. ಇನ್ನು ನಾಗರಹೊಳೆಯಂಥ ರಕ್ಷಿತಾರಣ್ಯದಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತಂಗುವಂತೆಯೇ ಇಲ್ಲ.

ಇನ್ನೊಂದು, ಸಿಡಿಲು. ನಮ್ಮ ದೇಶದಲ್ಲಿ ಪ್ರತಿವರ್ಷ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಿದ್ದಾರೆ. ಅವರಲ್ಲಿ ಹೊಲದಲ್ಲಿ ದುಡಿಯುವವರೂ ಮಳೆಗೆ ಮರದ ಕೆಳಗೆ ನಿಂತವರೂ ಬಹಳ ಮಂದಿ. ಮರಕ್ಕೆ ಬಿದ್ದ ಸಿಡಿಲು ಪಕ್ಕದಲ್ಲಿದ್ದವರ ಮೈಗೆ ನೆಗೆಯಬಲ್ಲದು, ಬೇರಿನ ನೆಲದಲ್ಲಿ ಹರಿದು ಕಾಲಿಗೂ ಏರಬಲ್ಲದು. ಎರಡು ಮರಗಳಿಗೆ ಒದ್ದೆಯಾದ ಹಗ್ಗದಿಂದ ಕಟ್ಟಿಕೊಂಡು ಮಲಗಿದವರ ಸ್ಥಿತಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಎಂಥ ದುಬಾರಿ ಬಟ್ಟೆಯೂ ಇಲ್ಲಿ ಕೆಲಸಕ್ಕೆ ಬಾರದು.

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ, ಮೂರರಿಂದ ಭಾಗಿಸಿ. ಬಂದದ್ದು ಸಿಡಿಲು ಎಷ್ಟು ಕಿಲೋಮೀಟರ್ ದೂರವಿದೆಯೆಂಬ ಲೆಕ್ಕ. ಮೂವತ್ತು ಸೆಕೆಂಡಿಗಿಂತ ಕಡಮೆಯಾದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ. ಜೋಲಿಯನ್ನು ಬಿಟ್ಟು ಏಳಬೇಕಾದ ಹೊತ್ತು ಅದು. ಗೋಡೆ ಮಾಡುಗಳಿರುವ ಪಕ್ಕಾ ಕಟ್ಟಡಕ್ಕೆ ಹೋಗಬೇಕು; ಇಲ್ಲವೆ ಬಾಗಿಲು ಗಾಜುಗಳನ್ನು ಮುಚ್ಚಿದ ಕಾರು, ಬಸ್ಸಿನೊಳಗೆ ಕೂರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬರಬಾರದು. ಆದ್ದರಿಂದ ಜೋಲಿ ಕಟ್ಟುವ ಸ್ಥಳವನ್ನು ಆರಿಸುವಾಗಲೇ ‘‘ಇಲ್ಲಿಂದ ಹತ್ತು ನಿಮಿಷದಲ್ಲಿ ಎಲ್ಲಿಗೆ ಹೋಗಬಹುದು?’’ ಎಂದು ಕೇಳಿಕೊಳ್ಳಬೇಕು. ಉತ್ತರವಿಲ್ಲದಿದ್ದರೆ ಏಪ್ರಿಲ್ ಮೇ ತಿಂಗಳಲ್ಲಿ ಅದು ತಂಗುವ ಸ್ಥಳವಲ್ಲ.

ಮುನ್ಸೂಚನೆಗೆ ಇಂದು ಸಾಧನಗಳು ಬೇಕಾದಷ್ಟಿವೆ. ಪುಣೆಯ ಹವಾಮಾನ ವಿಜ್ಞಾನಿಗಳು ರೂಪಿಸಿದ ‘ದಾಮಿನಿ’, ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಇವು ಮೊಬೈಲ್ ಫೋನಿನಲ್ಲಿಯೇ ಎಚ್ಚರಿಕೆ ಕೊಡುತ್ತವೆ. ಆದರೆ ಕಾಡಿನಲ್ಲಿ ಫೋನಿಗೆ ಸಂಪರ್ಕ ಸಿಗದಿರಬಹುದು. ಆಗ ನಮ್ಮ ಹಳೆಯ ಗೆಳೆಯ ರೇಡಿಯೋ ನೆರವಿಗೆ ಬರುತ್ತದೆ. ಬ್ಯಾಟರಿಯ ಪುಟ್ಟ ರೇಡಿಯೋವೊಂದನ್ನು ಮೀಡಿಯಂ ವೇವ್ ಪಟ್ಟಿಗೆ ಹಾಕಿ, ಯಾವ ನಿಲ್ದಾಣವೂ ಕೇಳದ ಜಾಗಕ್ಕೆ ಮುಳ್ಳನ್ನು ತಿರುಗಿಸಿಡಿ. ಪ್ರತಿಯೊಂದು ಮಿಂಚೂ ರೇಡಿಯೋ ಅಲೆಗಳನ್ನು ಹೊರಡಿಸುತ್ತದೆ. ಗುಡುಗು ಕಿವಿಗೆ ಬೀಳುವ ಎಷ್ಟೋ ಮುಂಚೆಯೇ ರೇಡಿಯೋದಲ್ಲಿ ಚಟ್ ಚಟ್ ಎಂದು ಸಿಡಿಯುವ ಸದ್ದು ಕೇಳುತ್ತದೆ. ಸದ್ದು ಆಗೊಮ್ಮೆ ಈಗೊಮ್ಮೆ ಬರುತ್ತಿದ್ದುದು ಒತ್ತೊತ್ತಾಗಿ, ಜೋರಾಗಿ ಬರತೊಡಗಿದರೆ ಮೋಡ ಹತ್ತಿರವಾಗುತ್ತಿದೆಯೆಂದು ತಿಳಿಯಬಹುದು. ಎಫ್.ಎಂ. ಪಟ್ಟಿಯಲ್ಲಿ ಈ ಸದ್ದು ಹೀಗೆ ಕೇಳದು. ಸಂಗೀತ ಕೇಳುವಾಗ ನಾವು ಶಪಿಸುತ್ತಿದ್ದ ಕರಕರ ಶಬ್ದಕ್ಕೆ ಇಂಥ ಒಂದು ಉಪಯೋಗವೂ ಉಂಟು.

ಕಾಡಿಗೆ ಹೋಗುವವರಿಗೆ ಮಾತ್ರ ಈ ಮಾತುಗಳೆಂದು ಉಳಿದವರು ತಿಳಿಯಬಾರದು. ತಾರಸಿಯ ಮೇಲೆ ಹಪ್ಪಳ ಸಂಡಿಗೆಗಾಗಿ ಕಟ್ಟಿದ ನೆರಳಿಗೂ, ಗೃಹಪ್ರವೇಶದ ಶಾಮಿಯಾನಕ್ಕೂ, ಸಂತೆಯ ಅಂಗಡಿಯ ನೀಲಿ ಟಾರ್ಪಾಲಿಗೂ ಗಾಳಿಯ ಲೆಕ್ಕ ಒಂದೇ. ಇಳಿಜಾರು ಸಾಕಷ್ಟಿದೆಯೇ, ನೀರು ನಿಲ್ಲುತ್ತದೆಯೇ, ಗೂಟ ಒದ್ದೆ ನೆಲದಲ್ಲಿ ನಿಂತೀತೇ, ಮೋಡ ಯಾವ ಕಡೆಗಿದೆ, ಎಂದು ನೋಡುವುದಕ್ಕೆ ಐದು ನಿಮಿಷ ಸಾಕು. ಇನ್ನು ಮಗಳು ಬೆನ್ನಿಗೆ ಚೀಲ ಏರಿಸಿ ಹೊರಟು ನಿಂತಾಗ, ಮೇಲ್ಕಟ್ಟಿಗೆ ಎಷ್ಟು ಕೊಟ್ಟೆ ಎಂದು ಕೇಳಬೇಡಿ. ಒದ್ದೆ ನೆಲದಲ್ಲಿ ಗೂಟ ಎಷ್ಟು ಕಿಲೋಗ್ರಾಂ ಎಳೆತಕ್ಕೆ ಬಂತು, ಗುಡುಗು ಕೇಳಿದರೆ ಎಲ್ಲಿಗೆ ಹೋಗುತ್ತೀ ಎಂದು ಕೇಳಿ. ಎರಡಕ್ಕೂ ತಡವರಿಸದೆ ಉತ್ತರ ಬಂದರೆ ಧೈರ್ಯವಾಗಿ ಕಳುಹಿಸಿಕೊಡಿ.